ಈ ವರ್ಷವೂ ಬೀವರ್ಸ್ ಗೆಲ್ಲುವುದಿಲ್ಲ

ಸ್ಟುಟ್‌ಗಾರ್ಟ್
ಶನಿವಾರ, 23 ಮಾರ್ಚ್ 2019

ಪ್ರೀತಿಯ ಬಾಳಪ್ಪ,

ಮೊದಲು ಬೈದು ಮುಗಿಸು, ಆಮೇಲೆ ಓದು. ದೀಪಾವಳಿಗೆ ನೀನು ಬರೆದ ಕಾಗದಕ್ಕೆ ಯುಗಾದಿ ಹತ್ತಿರ ಬಂದಾಗ ಉತ್ತರ ಬರೆಯುತ್ತಿದ್ದೇನೆ. ನಡುವೆ ನಿನ್ನ ಮಗನ ಮದುವೆಯ ಆಮಂತ್ರಣವೂ ಬಂತು. ನಾನು ಬರಲಿಲ್ಲ, ಬರಲಾಗುವುದಿಲ್ಲ ಅಂತ ಒಂದು ಮಾತು ತಿಳಿಸಲೂ ಇಲ್ಲ. ನೀನು ಫೋನ್ ಮಾಡಿದಾಗ ಉಷಾ ಎತ್ತಿಕೊಂಡು "ಅವರು ಇನ್ನೂ ಆಫೀಸಿನಿಂದ ಬಂದಿಲ್ರೀ" ಅಂದಳಲ್ಲ, ನಾನು ಅಲ್ಲೇ ಸೋಫಾದ ಮೇಲೆ ಕೂತಿದ್ದೆ. ಫೋನಿನಲ್ಲಿ ನೀನು ಎರಡನೇ ಮಾತಿಗೇ ನಗಿಸುತ್ತೀ, ಮೂರನೇ ಮಾತಿಗೆ "ಎಲ್ಲಾ ಆರಾಮಲ್ಲೋ?" ಅಂತೀ, ನಾನು ಹ್ಞೂಂ ಅಂತೀನಿ, ಅಲ್ಲಿಗೆ ಮುಗೀತು. ಹ್ಞೂಂ ಅನ್ನಲಾಗದ ಮಾತು ಇರುವುದರಿಂದ ಈ ಕಾಗದ.

ಮದುವೆಯ ಫೋಟೋ ನೋಡಿದೆ. ಸೊಸೆ ಲಕ್ಷಣವಾಗಿದ್ದಾಳೆ. ನಿನ್ನ ತಲೆಯ ಪೇಟ ಮಾತ್ರ ಹೊಸಬನಿಗೆ ಕೊಟ್ಟ ಹೆಲ್ಮೆಟ್ಟಿನಂತೆ ಕಿವಿ ಮುಚ್ಚಿತ್ತು. ನಿನ್ನ ತಾಯಿ ಸಾವಿತ್ರವ್ವನವರು ಇನ್ನೂ ಗಟ್ಟಿಮುಟ್ಟಾಗಿ ನಿಂತಿದ್ದು ಕಂಡು ಸಂತೋಷವಾಯಿತು. ಅವರ ಕೈಯ ಶೇಂಗಾ ಹೋಳಿಗೆ ನೆನಪಾಗಿ ಉಷಾಳ ಮುಂದೆ ಹೇಳಿದೆ. "ಮಾಡಿ ಕೊಡತೀನಿ, ಆದ್ರ ಯಾರು ತಿನ್ನೋರು?" ಅಂದಳು. ನಮ್ಮ ಮನೆಯಲ್ಲಿ ಈಗ ಹಬ್ಬದ ಅಡುಗೆ ಅಂತ ಏನೂ ಆಗುತ್ತಿಲ್ಲ ಮಾರಾಯ.

ನಿನ್ನ ಕಾಗದದಲ್ಲಿದ್ದ ಪ್ರಶ್ನೆಗೆ ಬರುತ್ತೇನೆ. "ನಿಮ್ಮ ಬೀವರ್ಸ್ ಈ ವರ್ಷನಾದ್ರೂ ಗೆಲ್ಲತೈತೇನಲೇ ಜಗ್ಯಾ?" ಅಂತ ಕೇಳಿದ್ದೀ. ಪ್ರತಿ ವರ್ಷ ಮಾರ್ಚ್ ತಿಂಗಳಲ್ಲಿ ನಮ್ಮ ಈ ಬೇಸ್‌ಬಾಲ್ ತಂಡದ ತಯಾರಿ ನೋಡಿ ನಿನಗೆ ಭವಿಷ್ಯ ಬರೆಯುವುದು ರೂಢಿಯಾಗಿದೆಯಲ್ಲ, ಇಗೋ ಈ ವರ್ಷದ ಭವಿಷ್ಯ: ಗೆಲ್ಲುವುದಿಲ್ಲ. ಹೋದ ವರ್ಷ ಗೆಲ್ಲುವುದಿಲ್ಲ ಅಂತ ಬರೆದಾಗ ಮನಸ್ಸಿನ ಮೂಲೆಯಲ್ಲಿ ಸ್ವಲ್ಪ ಆಸೆ ಇಟ್ಟುಕೊಂಡೇ ಬರೆದಿದ್ದೆ. ಈ ಸಲ ಅದೂ ಇಲ್ಲ.

ಕೇಳು. ಮೊದಲ ಬೇಸ್ ಕಾಯುವ ಆ ದಪ್ಪನೆಯ ಪೋಸ್ಟ್‌ಮನ್ ಚಳಿಗಾಲದಲ್ಲಿ ಇನ್ನಷ್ಟು ಉಬ್ಬಿದ್ದಾನೆ. ಬಗ್ಗಿದರೆ ಏಳುವುದಕ್ಕೆ ಪಕ್ಕದವನ ಹೆಗಲು ಬೇಕು. ಕ್ಯಾಚರ್‌ನ ಮೊಣಕಾಲು ಹೋಗಿದೆ. ಚೆಂಡು ಹಿಡಿಯಲು ಕುಕ್ಕರಗಾಲಲ್ಲಿ ಕೂರಬೇಕಾದವನು ಕುರ್ಚಿಯ ಮೇಲೆ ಕೂರುವಂತೆ ಕೂರುತ್ತಾನೆ. ಓಡಬಲ್ಲ ಒಬ್ಬನೇ ಹುಡುಗನಿಗೆ ಅಬಿಟೂರ್, ಅಂದರೆ ಇಲ್ಲಿಯ ಪಿಯುಸಿ ಪರೀಕ್ಷೆ, ಅವನು ಮೇ ಮುಗಿಯುವ ತನಕ ಮುಖ ತೋರಿಸುವುದಿಲ್ಲ. ಒಬ್ಬ ಅಮೆರಿಕನ್ ವಿದ್ಯಾರ್ಥಿ ಬಂದಿದ್ದಾನೆ, ಅವನಿಂದ ತಂಡದ ಹಣೆಬರಹವೇ ಬದಲಾಗುತ್ತದೆ ಅಂತ ಟ್ರೇನರ್ ಮಟಿಯಾಸ್ ಊರೆಲ್ಲ ಸಾರುತ್ತಿದ್ದಾನೆ. ನೋಡಿದೆ. ಮಷೀನು ಒಗೆದ ಚೆಂಡನ್ನು ಕಾಡಿನ ತನಕ ಹೊಡೆಯುತ್ತಾನೆ. ಮನುಷ್ಯ ಒಗೆದರೆ ಗಾಳಿಗೆ ಬೀಸುತ್ತಾನೆ. ನಮ್ಮ ಕಾಲದಲ್ಲಿ ನೆಟ್ಸ್‌ನಲ್ಲಿ ಹುಲಿಯಾಗಿ ಮ್ಯಾಚಿನಲ್ಲಿ ಸೊನ್ನೆ ಸುತ್ತುತ್ತಿದ್ದವರು ಎಷ್ಟು ಜನ ಇದ್ದರು, ಹೇಳು. ಮಟಿಯಾಸ್ ಪ್ರತಿ ವರ್ಷದಂತೆ ಈ ವರ್ಷವೂ "ಈ ವರ್ಷ ನಮ್ಮದೇ" ಅನ್ನುತ್ತಾನೆ. ಒಳ್ಳೆಯ ಮನುಷ್ಯ, ಆದರೆ ಒಳ್ಳೆಯತನದಿಂದ ಪಾಯಿಂಟು ಬರುವುದಿಲ್ಲ.

ಇದೆಲ್ಲ ಹಾಳಾಗಲಿ. ತಂಡದಲ್ಲಿ ಚೆಂಡು ಒಗೆಯುವವರು ಸರಿ ಇದ್ದರೆ ಉಳಿದವರು ಕುಂಟಿದರೂ ನಡೆಯುತ್ತದೆ. ನಮ್ಮ ಪಿಚರ್ ಯಾರು ಅಂತ ನಿನಗೆ ಗೊತ್ತೇ ಇದೆ. ನನ್ನ ಮಗಳು ಸಾನ್ವಿ. ಗಂಡುಹುಡುಗರ ನಡುವೆ ನಿಂತು ಅವರನ್ನೇ ಔಟ್ ಮಾಡುತ್ತಾಳೆ ಅಂತ ನಾನು ನಿನಗೆ ಎಷ್ಟು ಕೊಚ್ಚಿಕೊಂಡಿದ್ದೇನೆ. ಆ ಸಾನ್ವಿ ಸೆಪ್ಟೆಂಬರ್‌ನಿಂದ ಬ್ಯಾಟ್ ಹಿಡಿದು ನಿಂತವರಿಗೆ ಒಂದು ಚೆಂಡೂ ನೆಟ್ಟಗೆ ಒಗೆದಿಲ್ಲ.

ಬರೆಯಲು ಕೂತಿದ್ದೇ ಇದಕ್ಕೆ, ಆದ್ದರಿಂದ ಬರೆದುಬಿಡುತ್ತೇನೆ. ಹೋದ ಸೀಸನ್ನಿನ ಕೊನೆಯ ಮ್ಯಾಚು. ಎದುರಿನ ತಂಡದಲ್ಲಿ ಯೋನಾಸ್ ಅಂತ ಒಬ್ಬ ಹುಡುಗ, ಇವಳಿಗಿಂತ ಸ್ವಲ್ಪ ದೊಡ್ಡವನು. ಇವಳು ಒಗೆದದ್ದನ್ನೆಲ್ಲ ಹೊಡೆಯುತ್ತಿದ್ದ, ಪ್ಲೇಟಿನ, ಅಂದರೆ ನಮ್ಮ ಸ್ಟಂಪಿನ ಜಾಗದ, ಮೇಲೆಯೇ ಬಾಗಿ ನಿಂತಿದ್ದ. ನನಗೆ ನಮ್ಮ ಹುಬ್ಬಳ್ಳಿಯ ರೈಲ್ವೆ ಮೈದಾನ ನೆನಪಾಯಿತು. ಬ್ಯಾಟ್ಸ್‌ಮನ್ ಬೇರು ಬಿಟ್ಟು ನಿಂತರೆ ನೀನು ಮಿಡ್ ಆಫ್‌ನಿಂದ ನನಗೆ ಕೂಗುತ್ತಿದ್ದೆಯಲ್ಲ, "ಕಿವ್ಯಾಗ ಊದಲೇ ಜಗ್ಯಾ!" ಅಂತ. ನಾನು ಕಿವಿಯ ಪಕ್ಕದಿಂದ ಒಂದು ಬೌನ್ಸರ್ ಕಳಿಸುತ್ತಿದ್ದೆ, ಅವನು ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದ, ಮುಂದಿನ ಚೆಂಡಿಗೆ ಸ್ಟಂಪ್ ಹಾರುತ್ತಿತ್ತು. ಆ ಕಥೆ ಸಾನ್ವಿಗೆ ಬಾಯಿಪಾಠ. ಚಿಕ್ಕವಳಿದ್ದಾಗ ಊಟ ಮಾಡಿಸುವಾಗ ಅದನ್ನೇ ಹೇಳು ಅಂತ ಹಟ ಮಾಡುತ್ತಿದ್ದಳು.

ನಾನು ಗ್ಯಾಲರಿಯಿಂದ ಎದ್ದು ನಿಂತು ಕೂಗಿದೆ. "ಸಾನೂ, ಕಿವ್ಯಾಗ ಊದವಾ!"

ಅವಳು ನನ್ನ ಕಡೆ ನೋಡಿ ನಕ್ಕಳು. ಒಗೆದಳು. ನಮ್ಮ ಆಟದಲ್ಲಿ ಚೆಂಡು ನೆಲಕ್ಕೆ ಬಿದ್ದು ಏಳುತ್ತದೆ, ಬ್ಯಾಟ್ಸ್‌ಮನ್‌ಗೆ ತಲೆ ತಗ್ಗಿಸಲು ಕಣ್ಣು ಮಿಟುಕಿಸುವಷ್ಟಾದರೂ ಸಮಯ ಇರುತ್ತದೆ. ಇಲ್ಲಿ ಚೆಂಡು ನೆಲ ಮುಟ್ಟುವುದಿಲ್ಲ, ಕೈಯಿಂದ ನೇರವಾಗಿ ಬರುತ್ತದೆ. ಹೆಲ್ಮೆಟ್ ಕಿವಿ ಮುಚ್ಚುತ್ತದೆ, ಮುಖ ಮುಚ್ಚುವುದಿಲ್ಲ. ಆರು ವರ್ಷ ಈ ಆಟ ನೋಡಿದ್ದೇನೆ, ಇದೆಲ್ಲ ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಕೂಗುವ ಹೊತ್ತಿಗೆ ನಾನು ಹುಬ್ಬಳ್ಳಿಯಲ್ಲಿದ್ದೆ.

ಆ ಹುಡುಗನ ಎಡಗಣ್ಣು ಹೋಯಿತು ಬಾಳಪ್ಪ. ಎರಡು ಆಪರೇಷನ್ ಮಾಡಿದರು, ಬರಲಿಲ್ಲ.

ಯಾರೂ ನಮ್ಮನ್ನು ಏನೂ ಅನ್ನಲಿಲ್ಲ. ಆಟದಲ್ಲಿ ಆದದ್ದು ಅಂದರು. ಯೋನಾಸ್‌ನ ತಾಯಿ ಆಸ್ಪತ್ರೆಯ ಕಾರಿಡಾರಿನಲ್ಲಿ ಸಾನ್ವಿಯನ್ನು ತಬ್ಬಿಕೊಂಡು "ನಿನ್ನ ತಪ್ಪಲ್ಲ ಮಗೂ" ಅಂದಳು. ನಾನು ಪಕ್ಕದಲ್ಲೇ ಹೂವು ಹಿಡಿದುಕೊಂಡು ನಿಂತಿದ್ದೆ. ನಾನು ಏನು ಕೂಗಿದೆ ಅಂತ ಆ ಮೈದಾನದಲ್ಲಿ ತಿಳಿದವರು ನಾವು ಮೂವರೇ, ನಾನು, ಉಷಾ, ಸಾನ್ವಿ. ಆ ತಾಯಿ ತಬ್ಬಿಕೊಂಡಿದ್ದಾಗ ಮಗಳು ಅವಳ ಹೆಗಲ ಮೇಲಿಂದ ನನ್ನನ್ನೇ ನೋಡುತ್ತಿದ್ದಳು. ಆಮೇಲೆ ಸಾನ್ವಿಯೇ ಹೋಗಿ ನಾನು ಕೂಗಿದ್ದನ್ನು ಮಟಿಯಾಸ್‌ಗೂ ಯೋನಾಸ್‌ನ ಮನೆಯವರಿಗೂ ಹೇಳಿದಳು. ನನ್ನನ್ನು ಕೇಳಲಿಲ್ಲ.

ನೀನು ಹೇಳು, ನಾನು ಹೊಡಿ ಅಂದೆನೇನೋ? ಹೆದರಿಸು ಅಂದೆ. ನಾವು ಹಾಗೇ ಆಡಿದವರಲ್ಲವೇ? ನೀನು ನನಗೆ ಎಷ್ಟು ಸಲ ಕೂಗಿಲ್ಲ, ನಾನು ಎಷ್ಟು ಸಲ ಒಗೆದಿಲ್ಲ? ಒಬ್ಬನಿಗಾದರೂ ತಾಗಿತ್ತೇ? ಇದನ್ನೇ ಉಷಾಳ ಮುಂದೆ ಅಂದೆ. ಅವಳು ಪಾತ್ರೆ ತೊಳೆಯುವುದನ್ನು ನಿಲ್ಲಿಸಿ, "ನಿಮ್ಮ ಮಾತು ನ್ಯಾಯದ್ದೇ ಅದ. ಆ ಹುಡುಗಗ ಕಣ್ಣಿಲ್ಲ ಅಷ್ಟೇ" ಅಂದಳು. ಆಮೇಲೆ ಈ ವಿಷಯ ನಾವಿಬ್ಬರೂ ಎತ್ತಿಲ್ಲ.

ಸಾನ್ವಿ ನನ್ನ ಜೊತೆ ಜಗಳವಾಡಿಲ್ಲ. ಆಡಿದ್ದರೆ ಚೆನ್ನಾಗಿತ್ತು. ಕೇಳಿದ್ದಕ್ಕೆ ಜರ್ಮನ್‌ನಲ್ಲಿ ಒಂದೊಂದು ಪದದ ಉತ್ತರ. ಮೊದಲೂ ಜರ್ಮನ್‌ನಲ್ಲೇ ಉತ್ತರ ಕೊಡುತ್ತಿದ್ದಳು, ಆದರೆ ಉತ್ತರ ಮುಗಿಯುತ್ತಲೇ ಇರಲಿಲ್ಲ. ನಾನು ಊಟಕ್ಕೆ ಕೂತರೆ ಅವಳಿಗೆ ಹಸಿವಿರುವುದಿಲ್ಲ.

ಜನವರಿಯಲ್ಲಿ ಹಾಲ್‌ನಲ್ಲಿ ತರಬೇತಿ ಶುರುವಾದಾಗ ಮತ್ತೆ ಹೋಗಲು ತೊಡಗಿದಳು. ನಾನೂ ಖುಷಿಯಿಂದ ಬೂಟು ಹಾಕಿಕೊಂಡು ಹೊರಟೆ. ಬಾಗಿಲಲ್ಲೇ ಮಟಿಯಾಸ್ ನನ್ನನ್ನು ಪಕ್ಕಕ್ಕೆ ಕರೆದ. ಕಿವಿಯೆಲ್ಲ ಕೆಂಪಗೆ ಮಾಡಿಕೊಂಡು, "ಹೆರ್ ಇನಾಮದಾರ್, ಬೇಜಾರು ಮಾಡಿಕೊಳ್ಳಬೇಡಿ. ಅವಳು ಒಗೆಯುವಾಗ ನೀವು ಇಲ್ಲಿರುವುದು ಬೇಡ. ಇದು ನನ್ನ ಮಾತಲ್ಲ, ಅವಳ ಮಾತು" ಅಂದ. ನಾನು "ಸರಿ ಸರಿ, ನನಗೂ ಆಫೀಸಿನ ಕೆಲಸ ಇದೆ" ಅಂದು ಬಂದುಬಿಟ್ಟೆ. ಬರುವಾಗ ಇಳಿಯಬೇಕಾದ ಸ್ಟಾಪಿನಲ್ಲಿ ಇಳಿಯದೆ ಸ್ಟಾಟ್‌ಬಾನ್ ಟ್ರಾಮಿನಲ್ಲಿ ಕೊನೆಯ ನಿಲ್ದಾಣದ ತನಕ ಹೋಗಿದ್ದೆ.

ಆದರೂ ನೋಡದೆ ಇರಲು ಆಗುತ್ತದೆಯೇ? ಈಗ ಹೊರಗಿನ ಮೈದಾನದಲ್ಲಿ ತರಬೇತಿ. ಇದು ಏರಿಳಿತದ ಊರು, ಮೈದಾನದ ಮೇಲ್ಗಡೆ ದ್ರಾಕ್ಷಿ ತೋಟದ ದಾರಿ ಹೋಗುತ್ತದೆ. ಅಲ್ಲಿ ನಿಂತರೆ ಎಲ್ಲ ಕಾಣುತ್ತದೆ. ನಾಯಿ ಕರೆದುಕೊಂಡು ಬರುವ ಮುದುಕರು ನನಗೆ "ಗುಟನ್ ಟಾಗ್" ಹೇಳುವಷ್ಟು ಪರಿಚಯವಾಗಿದ್ದಾರೆ. ಬ್ಯಾಟ್ ಹಿಡಿದವರು ಇಲ್ಲದಿದ್ದಾಗ ಅವಳು ಚೆನ್ನಾಗಿ ಒಗೆಯುತ್ತಾಳೆ, ಮೊದಲಿಗಿಂತ ವೇಗವಾಗಿ. ಒಬ್ಬರು ಬಂದು ನಿಂತರೆ ಸಾಕು, ಚೆಂಡು ಎರಡು ಮಾರು ದೂರದಿಂದ ಹೋಗುತ್ತದೆ. ಹೀಗಿರುವ ತಂಡ ಗೆಲ್ಲುತ್ತದೆ ಅಂತ ನಾನು ಹೇಗೆ ಬರೆಯಲಿ?

ನಾಳೆ ಭಾನುವಾರ ಪಕ್ಕದೂರಿನವರ ಜೊತೆ ಅಭ್ಯಾಸದ ಮ್ಯಾಚು. ಮಟಿಯಾಸ್ ಅವಳ ಕೈಗೇ ಚೆಂಡು ಕೊಡುತ್ತಾನಂತೆ, ಅವಳೂ ಒಪ್ಪಿದ್ದಾಳೆ. ಯೋನಾಸ್ ಕೂಡ ನೋಡಲು ಬರುತ್ತಾನಂತೆ, ಅವನೇ ಮೆಸೇಜು ಮಾಡಿ "ನೀನು ಒಗೆಯಲೇಬೇಕು" ಅಂದನಂತೆ. ಇದೆಲ್ಲ ಉಷಾಳ ಮೂಲಕ ನನಗೆ ತಲುಪಿದ ಸುದ್ದಿ. "ನೀವು ಮ್ಯಾಲಿನ ದಾರಿಯಾಗ ಬೇಕಾದ್ರ ನಿಲ್ಲರಿ, ಬಾಯಿ ಮಾತ್ರ ಬಿಡಬ್ಯಾಡ್ರಿ" ಅಂತ ತಾಕೀತು ಮಾಡಿದ್ದಾಳೆ. ನಾನೇನು ಹುಚ್ಚನೇ?

ನಿನ್ನ ಹತ್ತಿರ ಮುಚ್ಚಿಡುವುದೇನು. ಬೀವರ್ಸ್ ಗೆದ್ದರೂ ಸೋತರೂ ನನಗೆ ಈಗ ಒಂದೇ. ಈ ಹುಡುಗಿ ನಾಳೆ ಹೆದರಿಕೆ ಬಿಟ್ಟು ಒಗೆಯಬೇಕು. ಮನೆಗೆ ಬಂದು ನನ್ನ ಎದುರು ಕೂತು ಎರಡು ಚಪಾತಿ ತಿನ್ನಬೇಕು. ಇಷ್ಟು ಆದರೆ ತಂಡ ಕೊನೆಯ ಸ್ಥಾನಕ್ಕೆ ಬಂದರೂ ನಾನು ಊರಿಗೆಲ್ಲ ಪೇಢೆ ಹಂಚುತ್ತೇನೆ. ಆಗುತ್ತದೆ ಅಂತ ನನಗೆ ನಂಬಿಕೆಯಿಲ್ಲ. ಆದರೂ ಬೆಳಗ್ಗೆಯಿಂದ ಹವಾಮಾನ ನೋಡುತ್ತಿದ್ದೇನೆ, ನಾಳೆ ಬಿಸಿಲಿದೆಯಂತೆ.

ಸಾವಿತ್ರವ್ವನವರಿಗೆ ನನ್ನ ಸಾಷ್ಟಾಂಗ. ಮಗ ಸೊಸೆಗೆ ನಮ್ಮಿಬ್ಬರ ಆಶೀರ್ವಾದ, ನೂರು ಕಾಲ ನಗುನಗುತ್ತಾ ಬಾಳಲಿ. ಯುಗಾದಿಯ ದಿನ ನಿನ್ನ ಪಾಲಿಗೆ ಬೆಲ್ಲವೇ ಹೆಚ್ಚು ಬರಲಿ. ಶಾಲೆಯ ಹುಡುಗರಿಗೆ ನೀನು ಈಗಲೂ ಬೌಲಿಂಗ್ ಕಲಿಸುತ್ತೀಯಲ್ಲ, ಕಲಿಸು. ದೂರ ನಿಂತು ಕಲಿಸು.

ನಿನ್ನ,
ಜಗ್ಯಾ

ತಾ.ಕ.: ಮಂಗಳವಾರ. ಶನಿವಾರ ಬರೆದು ಮುಗಿಸುವಷ್ಟರಲ್ಲಿ ಅಂಚೆ ಕಚೇರಿ ಮುಚ್ಚಿದ್ದರಿಂದ ಕಾಗದ ಕೋಟಿನ ಜೇಬಿನಲ್ಲೇ ಉಳಿದಿತ್ತು, ಅದಕ್ಕೇ ಇನ್ನೂ ಸ್ವಲ್ಪ ಸೇರಿಸುತ್ತಿದ್ದೇನೆ. ಭಾನುವಾರ ನಾನು ಮೇಲಿನ ದಾರಿಯಲ್ಲಿ ಮಫ್ಲರನ್ನು ಬಾಯಿಗೇ ಸುತ್ತಿಕೊಂಡು ನಿಂತಿದ್ದೆ. ಒಗೆದಳು ಬಾಳಪ್ಪ, ನನ್ನ ಮಗಳು ಒಗೆದಳು! ಮೊದಲನೆಯವನು ಔಟ್, ಎರಡನೆಯವನು ಔಟ್. ಮೂರನೆಯವನು ಪ್ಲೇಟಿನ ಮೇಲೆಯೇ ಬಾಗಿ ನಿಂತ, ಆ ಯೋನಾಸ್ ನಿಂತಿದ್ದ ಹಾಗೆಯೇ. ನಾನು ಮಫ್ಲರನ್ನು ಇನ್ನಷ್ಟು ಬಿಗಿಯಾಗಿ ಸುತ್ತಿಕೊಂಡೆ. ಇವಳು ಅವನ ಹತ್ತಿರದಿಂದಲೇ ನೆಟ್ಟಗೆ ಒಗೆದಳು, ಅವನು ಗಾಳಿಗೆ ಬೀಸಿದ. ನನಗೆ ತಡೆಯಲಾಗಲಿಲ್ಲ. ಮಫ್ಲರ್ ಎಲ್ಲಿ ಹೋಯಿತೋ, "ಶಾಬಾಸ್ ನನ್ನ ಮಗಳ!" ಅಂತ ಕೂಗಿಬಿಟ್ಟೆ. ಅಷ್ಟೇ ನಾನು ಕೂಗಿದ್ದು, ದೇವರಾಣೆ.

ಅವಳು ತಲೆ ಎತ್ತಿ ನೋಡಲಿಲ್ಲ. ಕ್ಯಾಚರ್ ಚೆಂಡು ವಾಪಸು ಕೊಟ್ಟ, ಹಿಡಿದಳು, ಹಿಡಿದುಕೊಂಡೇ ನಿಂತಳು. ಎಲ್ಲರೂ ಕಾದರು. ಆಮೇಲೆ ಗ್ಲೋವ್ ಬಿಚ್ಚಿ, ಚೆಂಡನ್ನು ಅದರೊಳಗಿಟ್ಟು, ಮಟಿಯಾಸ್‌ನ ಕೈಗೆ ಕೊಟ್ಟು ನಡೆದುಬಿಟ್ಟಳು. ಇನ್ನು ಆಡುವುದಿಲ್ಲವಂತೆ.

ಸಂಜೆ ಅಡುಗೆಮನೆಯಲ್ಲಿ ಉಷಾ ಅವಳಿಗೆ ಬುದ್ಧಿ ಹೇಳುತ್ತಿದ್ದಳು. "ಶಾಬಾಸ್ ಅಂದಾರಲ್ಲ ನಿಮ್ಮಪ್ಪ, ಅದರಾಗ ತಪ್ಪೇನದ?" ಅಂದಳು. ಸಾನ್ವಿ ಕನ್ನಡದಲ್ಲೇ ಉತ್ತರ ಕೊಟ್ಟಳು, ಎಷ್ಟು ತಿಂಗಳಾಗಿತ್ತೋ ಅವಳ ಬಾಯಲ್ಲಿ ಅಷ್ಟುದ್ದ ಕನ್ನಡ ಕೇಳಿ. "ಏನಂದ್ರೋ ನನಗ ಗೊತ್ತಾಗಲಿಲ್ಲಮ್ಮಾ. ಬರೇ ಅಪ್ಪನ ಧ್ವನಿ ಕೇಳಿಸ್ತು. ಆಮ್ಯಾಲ ಕೈ ಏಳಲೇ ಇಲ್ಲ."

ಅವಳಿಗೆ ನನ್ನ ಮೇಲೆ ಸಿಟ್ಟಿಲ್ಲ ಬಾಳಪ್ಪ. ಸಿಟ್ಟಿದ್ದರೆ ಒಂದು ದಿನ ಇಳಿಯುತ್ತಿತ್ತು. ಭಾನುವಾರದಿಂದ ಅವಳು ಮನೆಯಲ್ಲಿರುವಾಗ ನಾನು ಮಾತಾಡುತ್ತಿಲ್ಲ. ಊಟಕ್ಕೆ ಕೂತಾಗ ಉಪ್ಪು ಬೇಕಾದರೆ ಉಷಾಳಿಗೆ ಕೈಸನ್ನೆ ಮಾಡುತ್ತೇನೆ. ನಿನ್ನೆ ಸಾನ್ವಿ ಬಂದು ಎದುರಿಗೆ ಕೂತಳು, ಎರಡು ಚಪಾತಿ ತಿಂದಳು.