ಆಷಾಢದ ಗಾಳಿಯಲ್ಲಿ ಗೆದ್ದ ಚಿಪ್

ಕಪ್ಪತಗುಡ್ಡದ ಬುಡ, ಹನ್ನೆರಡನೆಯ ಗಾಳಿಕಂಬ
ಆಷಾಢ ನಲವತ್ತೇಳು, ಗಾಳಿಶಕೆ 214

ಎರಡು ತಲೆಮಾರಿನ ಲ್ಯಾಪ್‌ಟಾಪ್ ಚಿಪ್‌ಗಳನ್ನು ತಾಳೆ ನೋಡಿ ಬರೆದ ಮಹನೀಯರಿಗೆ,

ತಾರೀಖು ನೋಡಿ ನಗಬೇಡಿ. ಗಾಳಿ ಬೀಳುವ ತನಕ ನಮ್ಮಲ್ಲಿ ಆಷಾಢ ಮುಗಿಯುವುದಿಲ್ಲ. ಈ ವರ್ಷ ಅದು ನಲವತ್ತೇಳನೆಯ ದಿನಕ್ಕೆ ಬಂದು ನಿಂತಿದೆ. ನಿಮ್ಮ ಎಣಿಕೆಯಲ್ಲಿ ಇದು ಇಸವಿ 2297 ಇರಬೇಕು. ನನ್ನ ಮಾತು ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಭಾಷೆಯನ್ನು ನಾನು ನಿಮ್ಮ ಕಸದಿಂದಲೇ ಕಲಿತವಳು. ನಿಮ್ಮ ಬರಹದಲ್ಲಿ ಹೆಸರಿದ್ದ ಜಾಗ ಅಳಿಸಿಹೋಗಿದೆ. ಒಳ್ಳೆಯದೇ ಆಯಿತು, ಹೆಸರು ಗೊತ್ತಿದ್ದರೆ ದಿನಾ ಎದ್ದು ಶಪಿಸುತ್ತಿದ್ದೆ.

ನಾನು ಫಕೀರವ್ವ, ಇಲ್ಲಿಯ ತಾಳೆಮನೆಯ ಹಿರಿಯಳು. ನೀವು ಎಸೆದ ಲ್ಯಾಪ್‌ಟಾಪ್‌ಗಳ ಗುಡ್ಡೆ ಅಗೆದು, ಸಿಕ್ಕ ಚಿಪ್‌ಗಳನ್ನು ಒರೆಗೆ ಹಚ್ಚುವ ಮನೆಗೆ ತಾಳೆಮನೆ ಎನ್ನುತ್ತೇವೆ. ಹೊಸ ಚಿಪ್ ಮಾಡುವ ವಿದ್ಯೆ ನಮ್ಮ ಮುತ್ತಜ್ಜಿಯ ಕಾಲಕ್ಕೇ ಮಣ್ಣಾಯಿತು. ಒರೆಗೆಂದು ನಮ್ಮಲ್ಲಿರುವುದು ಒಂದೇ ಚಿತ್ರ: ಗಾಳಿಗೆ ತೂಗುವ ಜೋಳದ ಹೊಲ, ನಾಲ್ಕು ಸಾವಿರ ತೆನೆ. ಆ ಹೊಲವನ್ನು ಸೆಕೆಂಡಿಗೆ ಎಷ್ಟು ಸಲ ಬಿಡಿಸುತ್ತದೆ ಎಂಬುದೇ ಚಿಪ್‌ನ ಯೋಗ್ಯತೆ. ನೀವು ಈ ಲೆಕ್ಕವನ್ನು ಆಟ ಆಡುವ ಸಲುವಾಗಿ ನೋಡುತ್ತಿದ್ದಿರಂತೆ. ಆಡಿ, ನಿಮಗೆ ಆಡುವಷ್ಟು ಕರೆಂಟಿತ್ತು. ನಮಗಿರುವುದು ಗಾಳಿಪಾಲು, ಅಂದರೆ ಊರಿನ ಕಂಬಗಳು ತಿರುಗಿದಷ್ಟನ್ನು ಮನೆಮನೆಗೆ ಹಂಚಿದ್ದು. ಆಷಾಢದಲ್ಲಿ ಮನೆಗೆ ನಲವತ್ತು ವ್ಯಾಟ್ ಬರುತ್ತದೆ. ಹಬ್ಬದ ಹಾಗೆ ಎಲ್ಲರ ಮನೆಯಲ್ಲೂ ಎರಡೆರಡು ದೀಪ, ಬಿಸಿನೀರು. ಕಾರ್ತಿಕದ ಹೊತ್ತಿಗೆ ಅದು ಒಂಬತ್ತಕ್ಕೆ ಇಳಿಯುತ್ತದೆ. ಕೂಡಿಡೋಣವೆಂದರೆ ನಿಮ್ಮ ಬ್ಯಾಟರಿಗಳು ಎಂದೋ ಹೊಟ್ಟೆ ಉಬ್ಬಿ ಸತ್ತವು. ಇಂದಿನ ಗಾಳಿಯನ್ನು ಇಂದೇ ಉಣ್ಣಬೇಕು.

ನನಗೊಬ್ಬಳು ತಂಗಿ, ಸಾವಂತ್ರೆವ್ವ, ನಾಲ್ಕು ಮನೆ ಆಚೆ ಇರುವವಳು. ಸೀರೆ ನೇಯುವುದು ಅವಳ ಕಸುಬು. ಇಪ್ಪತ್ತರ ಪ್ರಾಯದಲ್ಲಿ ದೂಳುಬೇನೆ ಬಂದು ಎರಡೂ ಕಣ್ಣು ಹೋದವು. ಅಂಥವರಿಗೆ ನಾವು ಹಣೆಗಣ್ಣು ಕಟ್ಟುತ್ತೇವೆ. ಹಣೆಗಣ್ಣು ಎಂದಕೂಡಲೇ ಶಿವ, ಬೆಂಕಿ ಎಂದು ಗಾಬರಿಯಾಗಬೇಡಿ. ಹಣೆಯ ಪಟ್ಟಿಯ ಮೇಲೊಂದು ಕ್ಯಾಮೆರಾ, ಸೊಂಟದ ಡಬ್ಬಿಯಲ್ಲೊಂದು ನಿಮ್ಮ ಚಿಪ್, ಗೋಡೆಯಿಂದ ಏಳು ಮಾರು ವೈರು. ಎದುರಿಗಿರುವುದನ್ನು ಚಿಪ್ ಬಿಡಿಸಿ ಕಿವಿಯ ಹಿಂದಿನ ನರಕ್ಕೆ ಮುಟ್ಟಿಸುತ್ತದೆ. ಸೆಕೆಂಡಿಗೆ ಇಪ್ಪತ್ತು ಚಿತ್ರವಾದರೂ ಬರಬೇಕು; ಕಡಿಮೆಯಾದರೆ ಲಾಳಿ ಇಲ್ಲಿದ್ದದ್ದು ಅಲ್ಲಿಗೆ ಹಾರಿದಂತೆ ಕಂಡು ನೇಯಲಾಗುವುದಿಲ್ಲ. ಅವಳ ಡಬ್ಬಿಯಲ್ಲಿದ್ದದ್ದು ಹಳೆಯ ತಲೆಮಾರಿನ ಚಿಪ್. ನಾವದನ್ನು ಅತ್ತೆ ಎನ್ನುತ್ತಿದ್ದೆವು, ಅದರ ಮುಂದಿನ ತಲೆಮಾರನ್ನು ಸೊಸೆ. ಅತ್ತೆ ಎಂಟು ವ್ಯಾಟ್ ಉಂಡು ಇಪ್ಪತ್ತನಾಲ್ಕು ಚಿತ್ರ ಕೊಡುತ್ತಿದ್ದಳು, ಮಬ್ಬಾಗಿ, ಅಂಚು ಕಲಸಿದ ಹಾಗೆ. ಅದೇ ಮಬ್ಬಿನಲ್ಲಿ ನನ್ನ ತಂಗಿ ಹದಿನೆಂಟು ವರ್ಷ ನೇಯ್ದಳು.

ಹೋದ ವರ್ಷದ ಬೇಸಿಗೆಯಲ್ಲಿ ನಿಮ್ಮ ಬರಹ ಸಿಕ್ಕಿತು. ಅತ್ತೆ ಸೊಸೆಯರನ್ನೇ ಪಕ್ಕಪಕ್ಕ ನಿಲ್ಲಿಸಿ ಎರಡು ಗೆರೆ ಎಳೆದಿದ್ದಿರಿ, ಅತ್ತೆಯದು ಗೇಣು, ಸೊಸೆಯದು ಮೊಳ. ಕೆಳಗೆ ದಪ್ಪ ಅಕ್ಷರದಲ್ಲಿ ಹಳೆಯದನ್ನು ಇಟ್ಟುಕೊಳ್ಳಲು ಇನ್ನು ಕಾರಣವೇ ಇಲ್ಲ ಎಂದಿತ್ತು. ನಾನು ಮೂರ್ಖಳಲ್ಲ, ಬರೆದದ್ದನ್ನೆಲ್ಲ ನಂಬುವವಳೂ ಅಲ್ಲ. ಆಷಾಢ ಬರಲೆಂದು ಕಾದೆ. ಒರೆಗೆ ಹಚ್ಚುವುದು ಆಷಾಢದಲ್ಲೇ ಎಂಬುದು ತಾಳೆಮನೆಯ ಕಟ್ಟಳೆ. ಆಗ ಮಾತ್ರ ಬೇರೆಯವರ ಪಾಲಿಗೆ ಕೈ ಹಾಕದೆ ಕೆಲಸ ನಡೆಯುತ್ತದೆ. ಗಾಳಿ ಭರ್ರೆಂದು ಬೀಸುತ್ತಿದ್ದಾಗ ಎರಡನ್ನೂ ಕಂಬದ ಬುಡದಲ್ಲಿ ಹಚ್ಚಿ ನೋಡಿದೆ. ಸೊಸೆ ಐವತ್ತಮೂರು. ಜೋಳದ ತೆನೆಯ ಕಾಳು ಕಾಳೂ ಕಂಡವು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂದು ಊರೆಲ್ಲ ನಕ್ಕಿತು. ಆ ವಾರವೇ ಹನ್ನೊಂದನೆಯ ಕಂಬದ ಸುರುಳಿ ಸುಟ್ಟು ತಾಮ್ರ ಬೇಕಾಯಿತು. ಇದ್ದ ಅತ್ತೆಯರನ್ನೆಲ್ಲ ಬೋರ್ಡಿನ ಸಮೇತ, ಆರುನೂರ ನಲವತ್ತು, ಕುಲುಮೆಗೆ ಹಾಕಿರೆಂದು ನಾನೇ ಹೇಳಿದೆ. ಕುಲುಮೆಯ ದ್ಯಾಮಣ್ಣ ಮಾತ್ರ ತಲೆ ಕೆರೆದುಕೊಂಡು, “ಫಕೀರವ್ವಾ, ಮಾಗ್ಯಾಗೂ ಒಮ್ಮಿ ಹಚ್ಚಿ ನೋಡು, ಆಮ್ಯಾಲ ಕರಗಸೂಣು” ಎಂದ. “ಬೆಂಕಿ ಊದೂದು ನಿನ್ನ ಕೆಲಸ, ಒರಿ ಹಚ್ಚೂದು ನಂದು” ಎಂದು ಬಾಯಿ ಮುಚ್ಚಿಸಿದೆ. ತಂಗಿಯ ಡಬ್ಬಿಯ ಅತ್ತೆಯನ್ನು ನನ್ನ ಕೈಯಾರೆ ಬಿಚ್ಚಿ ಅದೇ ಬುಟ್ಟಿಗೆ ಎಸೆದೆ.

ಸೊಸೆಯನ್ನು ಕೂರಿಸಿದ ದಿನ ಸಾವಂತ್ರೆವ್ವ ಮೊದಲು ನೋಡಿದ್ದು ನನ್ನನ್ನು. “ಅಕ್ಕಾ, ನಿನ್ನ ಮಾರಿ ಮ್ಯಾಲ ಇಷ್ಟ ಗೆರಿ ಅದಾವಂತ ನಂಗ ಗೊತ್ತಽ ಇರಲಿಲ್ಲ” ಎಂದು ನನ್ನ ಕೆನ್ನೆ ಹಿಡಿದುಕೊಂಡು ಅತ್ತಳು. ನಾನೂ ಕಣ್ಣೀರು ಹಾಕಿದೆ. ನನ್ನ ಜನ್ಮದಲ್ಲಿ ಅಷ್ಟು ಸುಖ ಪಟ್ಟ ದಿನ ಇನ್ನೊಂದಿಲ್ಲ. ಅವಳು ಗಂಡಭೇರುಂಡದ ಅಂಚಿನ ಒಂದು ಸೀರೆಯನ್ನು ಮಗ್ಗಕ್ಕೆ ಹೂಡಿದಳು. ಮಬ್ಬಿನಲ್ಲಿ ಎಂದೂ ಮಾಡಲಾಗದಿದ್ದ ಅಂಚು ಅದು.

ಕಾರ್ತಿಕದಲ್ಲಿ ಗಾಳಿ ಬಿತ್ತು. ಅರೆಹೊಟ್ಟೆಯಲ್ಲಿ ಅತ್ತೆ ನಡೆಯುತ್ತಿದ್ದಳು, ಸೊಸೆ ಕೂತುಬಿಟ್ಟಳು. ಒಂಬತ್ತು ವ್ಯಾಟಿಗೆ ಐದು ಚಿತ್ರ. ನನ್ನ ಮನೆಯ ಪಾಲನ್ನೂ ಅವಳಿಗೇ ಹರಿಸಿ ಎರಡು ತಿಂಗಳು ಕತ್ತಲಲ್ಲಿ ಕೂತೆ, ಆಗಲೂ ಹನ್ನೊಂದೇ. ಅಂಚು ಅರ್ಧಕ್ಕೆ ನಿಂತಿತು. “ನನ್ನ ಹಳೇ ಕಣ್ಣ ಕೊಡಕ್ಕ, ಮಬ್ಬಾದರ ಮಬ್ಬಾಗಲಿ” ಎಂದು ಕೇಳಿದಳು. ಎಲ್ಲಿಂದ ತರಲಿ? ಅವಳ ಹಳೆಯ ಕಣ್ಣು ಹನ್ನೊಂದನೆಯ ಕಂಬದ ಮೇಲೆ ತಂತಿಯಾಗಿ ಸುತ್ತಿಕೊಂಡಿತ್ತು.

ಆ ಮಾಗಿಯಲ್ಲಿ ನಿಮ್ಮ ಬರಹವನ್ನು ಮತ್ತೆ ತೆಗೆದು ಕೊನೆಯ ತನಕ ಓದಿದೆ. ಗೆರೆಗಳಾದ ಮೇಲೆ, ಸಾಸಿವೆ ಕಾಳಿನಷ್ಟು ಅಕ್ಷರದಲ್ಲಿ, ಎರಡೂ ಚಿಪ್‌ಗಳನ್ನು ಗೋಡೆಯ ಕರೆಂಟಿಗೆ ಸಿಕ್ಕಿಸಿ ವಿದ್ಯುತ್ ಮಿತಿ ಸಡಿಲಿಸಿ ಪರೀಕ್ಷಿಸಲಾಗಿದೆ, ಕಡಿಮೆ ವಿದ್ಯುತ್ತಿನಲ್ಲಿ ಫಲಿತಾಂಶ ಬೇರೆಯಾಗಬಹುದು ಎಂದು ಬರೆದಿದ್ದಿರಿ. ಬೇರೆಯಾಗಬಹುದು! ಒಂದು ಸಾಲಿನಲ್ಲಿ ಕೈ ತೊಳೆದುಕೊಂಡಿರಿ. ನಿಮ್ಮನ್ನು ಬೈಯುತ್ತಾ ಬೈಯುತ್ತಾ ಎಷ್ಟೋ ದಿನ ಕಳೆದೆ, ಆದರೆ ಬೈಗುಳ ತಿರುಗಿ ನನ್ನ ಬಾಗಿಲಿಗೇ ಬರುತ್ತದೆ. ನೀವು ಗೋಡೆಯ ಕರೆಂಟಿನಲ್ಲಿ ತಾಳೆ ನೋಡಿದಿರಿ, ನಾನು ಆಷಾಢದ ಗಾಳಿಯಲ್ಲಿ. ತುಂಬಿದ ಹೊಟ್ಟೆಯಲ್ಲಿ ಯಾರು ಚೆನ್ನಾಗಿ ಓಡುತ್ತಾರೆ ಎಂದು ಇಬ್ಬರೂ ನೋಡಿದೆವು, ಹಸಿದಾಗ ಯಾರು ನಡೆಯುತ್ತಾರೆ ಎಂದು ಇಬ್ಬರೂ ಕೇಳಲಿಲ್ಲ. ನೀವು ಬರೆದಾದರೂ ಇಟ್ಟಿರಿ, ನಾನು ಓದಲಿಲ್ಲ.

ಹೇಗೋ ಈ ಕಾಗದ ನಿಮಗೆ ತಲುಪಿದರೆ ಒಂದೇ ಕೋರಿಕೆ. ಇನ್ನೊಮ್ಮೆ ಎರಡು ತಲೆಮಾರನ್ನು ಪಕ್ಕಪಕ್ಕ ನಿಲ್ಲಿಸಿದಾಗ, ಎಷ್ಟು ಉಣಿಸಿ ಓಡಿಸಿದಿರಿ ಎಂಬುದನ್ನು ಗೆರೆಯ ಮೇಲೆಯೇ, ಗೆರೆಯಷ್ಟೇ ದಪ್ಪ ಬರೆಯಿರಿ. ಹಳೆಯದನ್ನು ಬಿಸಾಡಿ ಎನ್ನುವ ಮೊದಲು ಅದನ್ನು ಬಡವರ ಮನೆಯಲ್ಲಿ ಒಂದು ಮಾಗಿ ಇಟ್ಟು ನೋಡಿ.

ಈಗ ಮತ್ತೆ ಆಷಾಢ. ನಲವತ್ತೇಳು ದಿನದಿಂದ ನನ್ನ ತಂಗಿಗೆ ಕಾಣುತ್ತಿದೆ. ಅರ್ಧಕ್ಕೆ ನಿಂತ ಅಂಚನ್ನು ಮುಗಿಸಿದಳು. ದ್ಯಾಮಣ್ಣನ ಕರುವನ್ನು ನೋಡುತ್ತಾಳೆ, ಬಿಸಿಲಿಗೆ ಹಾಕಿದ ಶೇಂಗಾ ನೋಡುತ್ತಾಳೆ, ಅಂಗಳದ ಕಲ್ಲಿನ ಮೇಲಿನ ಇರುವೆ ನೋಡುತ್ತಾಳೆ. ನಾನು ಹೊಸ್ತಿಲು ದಾಟಿ ಒಳಗೆ ಬಂದರೆ ಮಾತ್ರ ಅವಳ ಕೈ ಹಣೆಗೆ ಹೋಗುತ್ತದೆ, ಹಣೆಗಣ್ಣು ಆರಿಸಿಬಿಡುತ್ತಾಳೆ. ಯಾಕೆ ಎಂದು ನಿನ್ನೆ ಕೇಳಿಯೇ ಬಿಟ್ಟೆ. “ಗಾಳಿ ಉಳಸಾಕತ್ತೀನಕ್ಕಾ” ಎಂದಳು.

ಗಾಳಿಯನ್ನು ಉಳಿಸಿಡಲು ಬರುವುದಿಲ್ಲ ಎಂದು ಅವಳಿಗೂ ಗೊತ್ತಿದೆ. ಹೊರಗೆ ಕಂಬದ ರೆಕ್ಕೆಗಳು ನಿಧಾನವಾಗುತ್ತಿವೆ, ನಾಳೆ ಶ್ರಾವಣ ಹುಟ್ಟಬಹುದು.

ಇಂತಿ,
ತಾಳೆಮನೆಯ ಫಕೀರವ್ವ