ಕೂಲರಿನ ತಳದ ಹಾಳೆ

ಮನೆ, ಅಮ್ಮನ ಕೆಲಸದ ಕೋಣೆ
ಹದಿನಾಲ್ಕನೇ ತಾರೀಖು, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಪ್ಪಾ,

ಹೇಗಿದ್ದೀರಿ? ಬೆನ್ನುನೋವು ಕಡಿಮೆಯಾಯಿತೇ? ಹಡಗಿನ ಎಂಜಿನ್ ಕೋಣೆಯ ಸೆಖೆಯಲ್ಲಿ ಸಾಕಷ್ಟು ನೀರು ಕುಡಿಯುತ್ತಿದ್ದೀರಾ ಎಂದು ಕೇಳಲು ಅಮ್ಮ ಹೇಳಿದ್ದಾಳೆ. “ಹೂಂ ಅಂತಾರೆ, ಕುಡಿಯಲ್ಲ” ಎಂದು ಅವಳೇ ಸೇರಿಸಿದಳು. ನಾವಿಬ್ಬರೂ ಚೆನ್ನಾಗಿದ್ದೇವೆ. ನನ್ನ ಕನ್ನಡ ನೋಡಿ ನಗಬೇಡಿ; ಹತ್ತು ವರ್ಷ ಹಾಸ್ಟೆಲಿನಲ್ಲಿ ಜಗಳವಾಡಿದ್ದೂ ಇಂಗ್ಲಿಷಿನಲ್ಲಿ, ರಾಜಿಯಾದದ್ದೂ ಇಂಗ್ಲಿಷಿನಲ್ಲಿ. ಅರ್ಧ ವಾಕ್ಯ ಬರೆದು ಉಳಿದರ್ಧಕ್ಕೆ ಅಡುಗೆಮನೆಗೆ ಹೋಗಿ ಅಮ್ಮನನ್ನು ಕೇಳಿಕೊಂಡು ಬರುತ್ತಿದ್ದೇನೆ. ಕೆಲವು ವಾಕ್ಯಗಳಿಗೆ ಮಾತ್ರ ಕೇಳಿಲ್ಲ.

ನೀವು ಸಹಿ ಹಾಕಿ ಕಳಿಸಿದ ಕಾಲೇಜು ಹಾಸ್ಟೆಲಿನ ಅರ್ಜಿ ತಲುಪಿತು. ಮೊದಲ ಆರು ತಿಂಗಳು ಮನೆಯಲ್ಲೇ ಇದ್ದು ನೋಡು, ಒಗ್ಗದಿದ್ದರೆ ಹಾಸ್ಟೆಲಿಗೆ ಹೋಗು ಎಂದಿದ್ದಿರಿ. ಇಪ್ಪತ್ತನೇ ತಾರೀಖು ಕಡೆಯ ದಿನ. ಒಗ್ಗಿದೆಯೋ ಇಲ್ಲವೋ ನನಗೇ ತಿಳಿಯುತ್ತಿರಲಿಲ್ಲ. ಟವೆಲ್ಲಿಗೆ ಇನ್ನೂ ಹೆಸರು ಹೊಲಿಯುತ್ತೇನೆ, ಫ್ರಿಜ್ ತೆಗೆಯುವ ಮುಂಚೆ ಕೇಳುತ್ತೇನೆ. ಒಂದು ದಿನ ಅಮ್ಮ “ನಾನೇನು ವಾರ್ಡನ್ನಾ?” ಎಂದಳು. ನಗುತ್ತಲೇ ಅಂದಳು, ಆದರೆ ಆಮೇಲೆ ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆಯುತ್ತ ನಿಂತಳು. ನಾನು ಇರುವುದು ಅವಳಿಗೆ ಭಾರವೋ, ಹೋಗುವುದು ಭಾರವೋ, ಕೇಳಲು ನನಗೆ ಧೈರ್ಯ ಬರಲಿಲ್ಲ.

ಅಷ್ಟರಲ್ಲಿ ಅವಳ ಕಂಪ್ಯೂಟರ್ ಕೈಕೊಟ್ಟಿತು. ಇನ್ನೂ ಕಟ್ಟದ ಮನೆಗಳ ಚಿತ್ರ ಮಾಡಿಕೊಡುವ ಕೆಲಸವಲ್ಲವೇ ಅವಳದು. ಯಾವ ಕಿಟಕಿಯಿಂದ ಎಷ್ಟು ಬಿಸಿಲು, ಯಾವ ಗೋಡೆಗೆ ಎಷ್ಟು ನೆರಳು ಎಂದು ಅದು ಪುರುಸೊತ್ತಿಲ್ಲದೆ ಲೆಕ್ಕ ಹಾಕುತ್ತಿರಬೇಕು. ಪ್ರೊಸೆಸರ್ ತೊಂಬತ್ತಾರು ಡಿಗ್ರಿಗೆ ಏರಿ, ತನ್ನ ಜೀವ ಉಳಿಸಿಕೊಳ್ಳಲು ನಿಧಾನವಾಗಿ, ಕೆಲವು ಸಲ ತಾನಾಗಿ ಆಫ್ ಆಗುತ್ತಿತ್ತು. ಫ್ಯಾನಿನ ಗದ್ದಲಕ್ಕೆ ಅಮ್ಮ ಫೋನ್ ಬಂದಾಗಲೆಲ್ಲ ಬಚ್ಚಲಿಗೆ ಓಡುತ್ತಿದ್ದಳು. ಕಂಪ್ಯೂಟರ್ ಓದುವವಳೆಂಬ ಜಂಬದಲ್ಲಿ ನಾನು ನೋಡಿಕೊಳ್ಳುತ್ತೇನೆ ಎಂದುಬಿಟ್ಟೆ. ಅವಳು ಮರುಮಾತಿಲ್ಲದೆ ಒಪ್ಪಿದಳು.

ಏಳು ದಿನದೊಳಗೆ ಹಿಂತಿರುಗಿಸಬಹುದೆಂಬ ಮಾತಿನ ಮೇಲೆ ಪ್ರೊಸೆಸರಿನ ಮೇಲೆ ಕೂರಿಸಿ ಅದನ್ನು ತಣ್ಣಗಿಡುವ ಒಂದು ದೊಡ್ಡ ಏರ್ ಕೂಲರ್ ತರಿಸಿದೆ. ಪೆಟ್ಟಿಗೆ ಬಿಚ್ಚುತ್ತಿದ್ದಂತೆ ಅಮ್ಮ, “ಇದೇನೇ, ಸ್ಕೂಟರ್ ಎಂಜಿನ್ ತರಿಸಿದ್ಯಾ?” ಎಂದಳು. ಒಂದೂಕಾಲು ಕಿಲೋ ತೂಕ. ಪುಸ್ತಕದ ಹಾಳೆಗಳಂತೆ ಒತ್ತೊತ್ತಾಗಿ ಜೋಡಿಸಿದ ತಗಡುಗಳ ಎರಡು ಗೋಪುರ, ಅವುಗಳನ್ನು ತೂರಿಹೋಗುವ ಆರು ತಾಮ್ರದ ಕೊಳವೆ, ಎರಡು ಫ್ಯಾನು. ಬಿಸಿಯನ್ನು ತಾಮ್ರ ಮೇಲಕ್ಕೆ ಒಯ್ಯುತ್ತದೆ, ತಗಡು ಹರಡುತ್ತದೆ, ಫ್ಯಾನು ಊದಿ ಆಚೆ ಹಾಕುತ್ತದೆ. ನಿಮ್ಮ ಎಂಜಿನ್ನಿಗೆ ಇಡೀ ಸಮುದ್ರವಿದೆ, ಇದಕ್ಕೆ ಕೋಣೆಯ ಗಾಳಿಯೇ ಗತಿ. ಮುಂದಿನ ಫ್ಯಾನು ಪಕ್ಕದ ಮೆಮೊರಿ ಪಟ್ಟಿಗಳಿಗೆ ತಗುಲಿತು; ಮೇಲೆತ್ತಿ ಕೂರಿಸಿದರೆ ಕಂಪ್ಯೂಟರ್ ಡಬ್ಬದ ಪಕ್ಕದ ಮುಚ್ಚಳ ಮುಚ್ಚಲು ಅರ್ಧ ಇಂಚು ಸಾಲದು. ಇರಲಿ ಎಂದು ತೆರೆದೇ ಬಿಟ್ಟು, ಲ್ಯಾಬಿನಲ್ಲಿ ಕಲಿಸಿದಂತೆ ಒಂದೇ ಚಿತ್ರವನ್ನು ಮೂರು ಮೂರು ಸಲ ಮಾಡಿಸಿ, ಕೋಣೆಯ ಬಿಸಿಯನ್ನೂ ಬರೆದುಕೊಂಡು ಪರೀಕ್ಷಿಸಿದೆ. ಬಂದದ್ದು ತೊಂಬತ್ತೇಳು. ಹಳೆಯದಕ್ಕಿಂತ ಒಂದು ಡಿಗ್ರಿ ಜಾಸ್ತಿ.

ನಾಲ್ಕು ದಿನ ಒದ್ದಾಡಿದೆ, ಅಪ್ಪಾ. ಸ್ಕ್ರೂ ಬಿಗಿಮಾಡಿದೆ, ಫ್ಯಾನು ತಿರುಗಿಸಿ ಹಾಕಿದೆ. ಗುರುವಾರ ಕೊಡಬೇಕಿದ್ದ ಚಿತ್ರಗಳಿಗೆ ಅಮ್ಮ ಎರಡು ದಿನ ಹೆಚ್ಚು ಕೇಳಬೇಕಾಯಿತು. ನನ್ನ ಮೇಲೆ ತಪ್ಪು ಹಾಕಲಿಲ್ಲ, ಮಷೀನು ಸರಿಯಿಲ್ಲ ಎಂದಳು. ಅದನ್ನು ಕೇಳಿ ನನಗೆ ಇನ್ನೂ ಸಂಕಟವಾಯಿತು. ಡಿಗ್ರಿಗಳನ್ನು ಬರೆದಿಟ್ಟ ವಹಿಯಲ್ಲಿ “ಪ್ರಯೋಜನವಿಲ್ಲ” ಎಂದು ಬರೆದು ಕೂಲರ್ ಬಿಚ್ಚಿದೆ. ಅದೇ ಕೈಯಲ್ಲಿ ಹಾಸ್ಟೆಲ್ ಅರ್ಜಿಯನ್ನೂ ತುಂಬಿದೆ.

ಪೆಟ್ಟಿಗೆಗೆ ತುಂಬಲು ಬಂದ ಅಮ್ಮ ಕೂಲರನ್ನು ತಲೆಕೆಳಗೆ ಮಾಡಿ, ತಳದಲ್ಲಿ ಏನೋ ಹೊಳೆಯುತ್ತಿದೆಯಲ್ಲ ಎಂದಳು. ನನಗೆ ಗೊತ್ತಿತ್ತು. ಪ್ರೊಸೆಸರಿಗೆ ಅಂಟಿ ಕೂರುವ ತಾಮ್ರದ ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಇತ್ತು. ನಾನು ಕಿತ್ತಿರಲಿಲ್ಲ, ಬಿಸಿ ದಾಟಿಸುವ ಪೇಸ್ಟನ್ನು ಅದರ ಮೇಲೆಯೇ ಹಚ್ಚಿದ್ದೆ. ಹಾಸ್ಟೆಲಿನಲ್ಲಿ ಹಾಸಿಗೆ, ಕುರ್ಚಿ, ಮೇಜಿನ ದೀಪ ಯಾವುದರ ಕವರನ್ನೂ ಕೀಳುವಂತಿಲ್ಲ. ಬಿಟ್ಟುಹೋಗುವ ದಿನ ನೋಡಿ ಟಿಕ್ ಹಾಕುತ್ತಾರೆ. ಸರಿಹೋಗದಿದ್ದರೆ ಅಂಗಡಿಗೆ ಹೊಸದರಂತೆಯೇ ಕೊಡಬೇಕಲ್ಲ, ಈರುಳ್ಳಿ ಸಿಪ್ಪೆಯಷ್ಟು ತೆಳು ಹಾಳೆಯಿಂದ ಏನಾದೀತು ಎಂದುಕೊಂಡಿದ್ದೆ. ಇದನ್ನೆಲ್ಲ ತಡವರಿಸುತ್ತಾ ಹೇಳಿದೆ. ಬೈಯುತ್ತಾಳೆಂದುಕೊಂಡರೆ ಅವಳು ನೆಲದ ಮೇಲೆ ನನ್ನ ಪಕ್ಕ ಕೂತಳು.

“ವಾಪಸ್ ಕೊಡೋಕೆ ಅಂತಲೇ ಹಾಕಿದ್ರೆ ಅದಾದ್ರೂ ಹೇಗೆ ಕೆಲಸ ಮಾಡುತ್ತೆ, ಮರೀ? ಕಿತ್ತಾಕು.”

ಕಿತ್ತರೆ ಅಂಗಡಿಯವರು ತೆಗೆದುಕೊಳ್ಳುವುದಿಲ್ಲ ಎಂದೆ.

“ತಗೊಳ್ಳದಿದ್ರೆ ನಮ್ಮನೇಲೇ ಇರುತ್ತೆ.”

ಕಿತ್ತೆ. ತಾಮ್ರ ಒರೆಸಿ, ಬಟಾಣಿಯಷ್ಟು ಪೇಸ್ಟ್ ಇಟ್ಟು ಮತ್ತೆ ಕೂರಿಸಿದೆ. ಎಪ್ಪತ್ತೊಂದು! ಮೂರು ಸಲವೂ ಎಪ್ಪತ್ತೊಂದು. ಐವತ್ತೆರಡು ನಿಮಿಷದ ಚಿತ್ರ ಮೂವತ್ತೆಂಟಕ್ಕೆ ಮುಗಿಯಿತು. ಸದ್ದೇ ಇಲ್ಲದ್ದನ್ನು ಕಂಡು ಅಮ್ಮ ಮತ್ತೆ ಆಫ್ ಆಯಿತೇ ಎಂದು ಓಡಿಬಂದಳು. ನ್ಯಾಯವಾಗಿ ಹೇಳಬೇಕೆಂದರೆ ದೋಷಗಳೂ ಇವೆ: ಮೆಮೊರಿ ಪಟ್ಟಿ ಬದಲಿಸಬೇಕಾದರೆ ಫ್ಯಾನು ಬಿಚ್ಚಲೇಬೇಕು, ಡಬ್ಬವನ್ನು ಎತ್ತಿಡಲು ಇಬ್ಬರು ಬೇಕು, ಮುಚ್ಚಳಕ್ಕೆ ಇನ್ನೂ ದಾರಿ ಹುಡುಕಬೇಕು. ಆದರೂ ನನ್ನ ತೀರ್ಪು, ಇಟ್ಟುಕೊಳ್ಳಬಹುದು. ಚಿತ್ರಗಳು ನಿನ್ನೆ ಹೋದವು; ಚಿತ್ರದ ಅಡುಗೆಮನೆಯಲ್ಲಿ ಬಿಸಿಲು ಚೆನ್ನಾಗಿದೆ ಎಂದು ಮನೆ ಕಟ್ಟಿಸುವವರಿಂದ ಉತ್ತರವೂ ಬಂತು.

ಬೆನ್ನಿಗೆ ದಿಂಬು ಕೊಟ್ಟು ಕೂರಿ, ನೀರು ಕುಡಿಯಿರಿ. ಮುಂದಿನ ಬಂದರಿನಲ್ಲಿ ಈ ಕಾಗದ ನಿಮಗಿಂತ ಮೊದಲೇ ತಲುಪಿ ಕಾಯುತ್ತಿರಲಿ.

ನಿಮ್ಮ ಕೈ ಹಿಡಿದು,
ಮಗಳು

ಮರೆತಿದ್ದೆ: ಅರ್ಜಿ ಕೊಡುವುದಿಲ್ಲ, ಅಪ್ಪಾ. ನಾನಿರುವುದು ನಿನಗೆ ಭಾರವಾ ಎಂದು ಅಮ್ಮನನ್ನು ಬೆಳಿಗ್ಗೆ ಕೇಳಿಯೇಬಿಟ್ಟೆ. ಅವಳು ಬಟ್ಟೆಯ ಕಪಾಟಿನಲ್ಲಿ ಎರಡು ಖಾನೆ ಖಾಲಿ ಮಾಡಿ, “ಸಾಕಾ, ಇನ್ನೊಂದು ಬೇಕಾ?” ಎಂದಳು. ಇನ್ನೊಂದು ಬೇಕು ಎಂದೆ. ಅದು ನಿಮ್ಮದು. ನಿಮ್ಮ ಅಂಗಿಗಳೆಲ್ಲ ಈಗ ಮಂಚದ ಕೆಳಗಿವೆ, ಬಂದಾಗ ಹುಡುಕಾಡಬೇಡಿ.