ಬಾಣಂತಿ ಕೋಣೆಯ ಹೊಗೆ

ಡಿ. 19, 2009, ಶನಿವಾರ. ಹಾನುಬಾಳು

ಕೆಂಡ ತರುವುದು ನನ್ನ ಡ್ಯೂಟಿ. ಕಿಟಕಿ ಮುಚ್ಚಿ ಸಾಂಬ್ರಾಣಿ ಹಾಕಿದರೆ ಅಕ್ಕನ ಮುಖವೇ ಕಾಣುವುದಿಲ್ಲ. ಮಗು ಸೀನುತ್ತದೆ. ಹೆಣ್ಣು. ಮೊನ್ನೆ ಆಸ್ಪತ್ರೆಯಿಂದ ಬಂದರು. ನಾನು ನಿನ್ನೆ, ಹಾಸ್ಟೆಲ್‌ನಿಂದ. ಜನವರಿಯಲ್ಲಿ ಫಸ್ಟ್ ಸೆಮ್ ಎಕ್ಸಾಮ್. ಕೆಮಿಸ್ಟ್ರಿ ಮುಟ್ಟಿಲ್ಲ...

ಆಶಾ ಕಾರ್ಯಕರ್ತೆ ಲಿಂಗಮ್ಮ ಬಂದಿದ್ದರು. ಜಗಲಿಯಲ್ಲೇ ನಿಂತರು. ಅವರ ಗಂಡ ತಿಮ್ಮಯ್ಯ ಅಯ್ಯಪ್ಪನ ಮಾಲೆ ಹಾಕಿದ್ದಾರೆ. ಹೆರಿಗೆಯಾದ ಮನೆಯೊಳಗೆ ಹೆಂಡತಿ ಬಂದರೆ ಅವರಿಗೆ ಮೈಲಿಗೆ.

"ಪುಟ್ಟಿ, ಅಕ್ಕನ್ ರಕ್ತದ್ ಬಟ್ಟೆ ಮೂಸ್ ನೋಡು. ಕೆಟ್ ವಾಸ್ನೆ ಬಂದ್ರೆ ಹೇಳು."

"ಛೀ, ನಾನಾ?"

"ಇನ್ಯಾರು, ನಿಮ್ ಪ್ರಿನ್ಸಿಪಾಲ್ರನ್ನ ಕರ್ಸನಾ?"

ಮೂಸಿದೆ. ಬರೀ ಸಾಂಬ್ರಾಣಿ. "ನಾರ್ಮಲ್" ಎಂದೆ.

ಡಿ. 20, ಭಾನುವಾರ

ಅಕ್ಕನಿಗೆ ಚಳಿ. ಎರಡು ರಗ್ಗು ಸಾಲದು. ಕಿಬ್ಬೊಟ್ಟೆ ನೋವು ಅಂದಳು.

"ಹಾಲಿಳಿಯೋ ಜ್ವರ ಕಣೆ, ಎಲ್ರಿಗೂ ಬತ್ತದೆ" — ಅಮ್ಮ. ಇನ್ನಷ್ಟು ಕೆಂಡ.

ಲಿಂಗಮ್ಮ ಹೊಸ್ತಿಲ ಮೇಲೆ ಥರ್ಮಾಮೀಟರ್ ಇಟ್ಟು ಹಿಂದೆ ಸರಿದರು. ನೂರೊಂದು. ಮಾತ್ರೆಯನ್ನೂ ಹಾಗೇ ಇಟ್ಟರು.

"ವಾಸ್ನೆ?"

"ಇಲ್ಲ."

ಗೇಟಿನ ತನಕ ಹೋಗಿ ತಿರುಗಿ ನೋಡಿದರು. ಆಮೇಲೆ ಹೋದರು.

ಡಿ. 21, ಸೋಮವಾರ, ಮಧ್ಯಾಹ್ನ

ಬೆಳಿಗ್ಗೆ ಅಕ್ಕ ನನ್ನನ್ನು ಅಮ್ಮ ಅಂತ ಕರೆದಳು. ಏನೇನೋ ಮಾತು. ಲಿಂಗಮ್ಮನ ಮನೆಗೆ ಓಡಿದೆ. ಬಂದವರು ಹೊಸ್ತಿಲೆದುರು ಒಂದು ಗಳಿಗೆ ನಿಂತರು. ದಾಟಿಬಿಟ್ಟರು.

"ಮಾಲೆ ಐತಲ್ಲ, ಲಿಂಗಮ್ಮ..." ಎಂದಳು ಅಮ್ಮ.

"ಸುಮ್ಕಿರವ್ವ!"

ಕೆಂಡಕ್ಕೆ ನೀರು ಸುರಿದರು. ಕಿಟಕಿ ತೆಗೆದರು. ಹೊಗೆಯೆಲ್ಲ ಹೋಯಿತು. ಆಗ ಬಂತು ವಾಸನೆ. ಹೆಂಚಿನಡಿ ಇಲಿ ಸತ್ತ ಹಾಗೆ.

"ಅಯ್ಯೋ, ಹೊರ್ಗೇ ನಿಂತ್ಬುಟ್ನಲ್ಲ ನಾನು... ಗರ್ಭದಲ್ಲಿ ನಂಜಾಗೈತೆ. ಗುಂಡಯ್ಯನ್ ಜೀಪ್ ಕರೀರಿ!"

ಜೀಪಿನ ತುಂಬ ಕಾಫಿ ಮೂಟೆ. ರಸ್ತೆ ಮೇಲೇ ಇಳಿಸಿದರು. ಲಿಂಗಮ್ಮ ಅಕ್ಕನ ತಲೆಯನ್ನು ತೊಡೆ ಮೇಲಿಟ್ಟುಕೊಂಡು ಕೂತರು. ನಾನು ಮಗುವಿನ ಜೊತೆ ಮನೆಯಲ್ಲಿ. ಮೂಟೆಗಳು ಅಲ್ಲೇ ಇವೆ.

ಡಿ. 31, ಗುರುವಾರ. ಹಾಸನ

ಅಕ್ಕ ಬದುಕಿದಳು. ಗರ್ಭಕೋಶ ತೆಗೆದರು. ಬಾವ ಸೈನ್ ಹಾಕಿದರು. ಅಕ್ಕನಿಗೆ ಗೊತ್ತಿಲ್ಲ. "ಯಾರೂ ಬಾಯ್ ಬಿಡ್ಬೇಡಿ, ಮನೆಗ್ ಹೋದ್ಮೇಲೆ ನೋಡನ" — ಅಮ್ಮ.

ತಿಮ್ಮಯ್ಯ ಮಾಲೆ ತೆಗೆದಿಟ್ಟರಂತೆ. ಹೆಂಡತಿಯ ಜೊತೆ ಮಾತಿಲ್ಲವಂತೆ.

ಅಳು ಬರಬೇಕಿತ್ತು. ಬರುತ್ತಿಲ್ಲ. ಕ್ಯಾಂಟೀನಲ್ಲಿ ಎರಡು ಇಡ್ಲಿ ತಿಂದೆ. ಹಾಲ್‌ಟಿಕೆಟ್‌ಗೆ ಫೋಟೋ ತೆಗೆಸಬೇಕು.

ಜ. 9, ಶನಿವಾರ. ಹಾನುಬಾಳು

ನಾಳೆ ಹಾಸ್ಟೆಲ್. ಕೋಣೆಯಲ್ಲಿ ಕೆಂಡ ಇಲ್ಲ, ಕಿಟಕಿ ತೆರೆದಿದೆ. ಲಿಂಗಮ್ಮ ಮಗುವಿನ ತೂಕ ನೋಡಲು ಬಂದರು. ನೇರ ಒಳಗೆ.

ಅಕ್ಕ ನಗುತ್ತಿದ್ದಳು. "ಲಿಂಗಮ್ಮಾ, ಮುಂದಿನ್ ಮಗೂಗೆ ಮೂರ್ ವರ್ಷ ಗ್ಯಾಪ್ ಇರ್ಲಿ ಅಂದಿದ್ರಲ್ಲ, ನಮ್ಮೋರ್ಗೂ ಒಸಿ ಹೇಳಿ. ಗಂಡ್ ಮಗ ಬೇಕಂತೆ, ಅರ್ಜೆಂಟಾಗಿ!"

ಬಾವ ಎದ್ದು ಹೊರಗೆ ಹೋದರು. ಅಮ್ಮ ಬಾಗಿಲ ಹತ್ತಿರದಿಂದ ಕಣ್ಸನ್ನೆ ಮಾಡಿದಳು — ಬೇಡ. ಲಿಂಗಮ್ಮ ನೋಡಿದರು, ನೋಡದವರ ಹಾಗೆ ಮಗುವನ್ನು ನನ್ನ ಕೈಗೆ ಕೊಟ್ಟರು. ಮಂಚದ ಮೇಲೆ ಕೂತರು. ಅಕ್ಕನ ಕೈ ಹಿಡಿದರು.

"ಸೌಜನ್ಯ, ಇಲ್ ನೋಡವ್ವ..."